ನಾಲ್ಕನೇ ಗುಮ್ಮಟ ಬಿಟ್ಟು ಮಮದಾಪುರದ ಕೆರೆಗೆ

ಇಟಲಿಯ ಮಾಜೊರೆ ಸರೋವರಕ್ಕೆ ರಜೆ ಕಳೆಯಲು ಹೋದವರು ಸ್ತ್ರೇಸಾ ಊರಿನ ದಡದಲ್ಲಿ ನಿಂತು ಮೊದಲು ತೀರ್ಮಾನಿಸಬೇಕಾದದ್ದು ಯಾವ ನಡುಗಡ್ಡೆಗೆ ದೋಣಿ ಹತ್ತಬೇಕೆಂದು. ಇಸೊಲಾ ಬೆಲ್ಲಾದಲ್ಲಿ ಅರಮನೆಯೂ ಹಂತಹಂತವಾಗಿ ಏರುವ ತೋಟವೂ ಇವೆ. ಎಲ್ಲಕ್ಕಿಂತ ದೊಡ್ಡದಾದ ಇಸೊಲಾ ಮಾದ್ರೆಯಲ್ಲೂ ಅರಮನೆ, ತೋಟಗಳೇ. ಮೂರನೆಯದು ಮೀನುಗಾರರ ಪುಟ್ಟ ಊರು. ಮೂರನ್ನೂ ಒಂದೇ ದಿನದಲ್ಲಿ ಓಡಾಡಿ ಮುಗಿಸುವವರಿದ್ದಾರೆ. ಆದರೆ ಎರಡು ಅರಮನೆ ನೋಡಿ ಬಂದವರಿಗಿಂತ ಒಂದು ಅರಮನೆ, ಒಂದು ಊರು ನೋಡಿದವರಿಗೆ ಆ ಸರೋವರ ಹೆಚ್ಚು ಅರ್ಥವಾಗುತ್ತದೆ. ಒಂದೇ ಬಗೆಯ ಎರಡು ಜಾಗ ನೋಡಿದರೆ ಎರಡನೆಯದು ಮೊದಲನೆಯದರ ನೆನಪನ್ನು ಅಳಿಸುತ್ತದೆ. ಬೇರೆ ಬಗೆಯದನ್ನು ನೋಡಿದರೆ ಒಂದು ಇನ್ನೊಂದನ್ನು ವಿವರಿಸುತ್ತದೆ. ವಿಜಯಪುರಕ್ಕೆ ಒಂದು ದಿನದ ಮಟ್ಟಿಗೆ ಬರುವವರೂ ಇದೇ ಲೆಕ್ಕದಲ್ಲಿ ಜಾಗಗಳನ್ನು ಆರಿಸಿಕೊಳ್ಳಬೇಕು.

ಸಾಮಾನ್ಯವಾಗಿ ಹಾಗೆ ಆಗುವುದಿಲ್ಲ. ಬೆಳಿಗ್ಗೆ ಗೋಳಗುಮ್ಮಟ, ಆಮೇಲೆ ಇಬ್ರಾಹಿಂ ರೋಜಾ, ಜೋಡ ಗುಮ್ಮಟ, ಬಾರಾ ಕಮಾನು: ಸಮಾಧಿಯಿಂದ ಸಮಾಧಿಗೆ ಆಟೋ ಓಡುತ್ತದೆ. ಸಂಜೆ ಊರಿಗೆ ಮರಳುವವರ ತಲೆಯಲ್ಲಿ ಉಳಿಯುವುದು ಸತ್ತವರಿಗಾಗಿ ಕಟ್ಟಿದ ಊರಿನ ಚಿತ್ರ. ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ ಬೀಳುವ, ಅದೂ ನಂಬಿಕೆಗಿಲ್ಲದ ಈ ಬಯಲಿನಲ್ಲಿ ಅಷ್ಟು ದೊಡ್ಡ ರಾಜಧಾನಿಯ ಜನ ಏನು ಕುಡಿದು ಬದುಕಿದರು ಎಂಬ ಪ್ರಶ್ನೆಯೇ ಅವರಿಗೆ ಏಳುವುದಿಲ್ಲ. ನನ್ನ ವಾದ ಇಷ್ಟು: ಗೋಳಗುಮ್ಮಟ ನೋಡಿ, ಇಬ್ರಾಹಿಂ ರೋಜಾ ನೋಡಿ, ಆದರೆ ನಾಲ್ಕನೇ ಗುಮ್ಮಟಕ್ಕೆ ಇಟ್ಟ ಹೊತ್ತನ್ನು ಬಬಲೇಶ್ವರ ತಾಲ್ಲೂಕಿನ ಮಮದಾಪುರದ ಕೆರೆಗೆ ಕೊಡಿ. ಅದನ್ನು ಕಟ್ಟಿಸಿದವನು ಗೋಳಗುಮ್ಮಟದಡಿ ಮಲಗಿರುವ ಮಹಮ್ಮದ್ ಆದಿಲ್‌ಶಾಹನೇ. ಊರಿಗೆ ಹೆಸರು ಬಂದದ್ದೂ ಅವನಿಂದ. ಕೆರೆಯ ಕಾಲ 1633. ಅದಕ್ಕೆ ಒಂದು ವರ್ಷ ಮುಂಚೆ, 1632ರಲ್ಲಿ, ಅಲ್ಲಿ ಮಾಜೊರೆಯಲ್ಲಿ ಮೂರನೇ ಕಾರ್ಲೊ ಬೊರೊಮಿಯೊ ಹೆಂಡತಿ ಇಸಾಬೆಲ್ಲಾಳ ಹೆಸರಲ್ಲಿ ಬಂಡೆಗಲ್ಲಿನ ನಡುಗಡ್ಡೆಯೊಂದನ್ನು ಅರಮನೆಯಾಗಿಸಲು ಹೊರಟಿದ್ದ. ಅವನಿಗೆ ನೀರು ದೇವರು ಕೊಟ್ಟದ್ದು, ಕಟ್ಟಬೇಕಾದದ್ದು ಚೆಲುವು ಮಾತ್ರ. ಇಲ್ಲಿಯ ಸುಲ್ತಾನ ಮೊದಲು ನೀರನ್ನೇ ಕಟ್ಟಬೇಕಿತ್ತು.

ಮಮದಾಪುರದ ಒಡ್ಡಿನ ಮೇಲೆ ನಿಂತು ಈ ಮಾತನ್ನು ನೆನೆದರೆ ವಿಜಯಪುರ ನಗರದೊಳಗಿನ ಎಷ್ಟೋ ಕಲ್ಲುಗಳು ಮಾತಾಡತೊಡಗುತ್ತವೆ. ಅದೇ ಮಹಮ್ಮದ್ 1651ರಲ್ಲಿ ನಗರದ ದಕ್ಷಿಣಕ್ಕೆ ಬೇಗಂ ತಲಾಬ್ ಕಟ್ಟಿಸಿ, ಅಲ್ಲಿಂದ ಮಣ್ಣಿನ ಕೊಳವೆಗಳನ್ನು ನೆಲದಾಳದಲ್ಲಿ ಹೂಳಿಸಿ, ಸುತ್ತ ಗಾರೆ ಕಟ್ಟಿಸಿ ಊರಿಗೆ ನೀರು ತಂದ. ದಾರಿಯುದ್ದಕ್ಕೂ ಅಲ್ಲಲ್ಲಿ ನಿಂತಿರುವ ಚೌಕದ ಕಲ್ಲುಗಂಬಗಳಂಥ ಕಟ್ಟಡಗಳಿಗೆ ಗಂಜ್ ಎನ್ನುತ್ತಾರೆ. ಬಹುಪಾಲು ಜನ ಅವನ್ನು ಹಾಳು ಬುರುಜು ಎಂದುಕೊಂಡು ದಾಟಿಹೋಗುತ್ತಾರೆ. ಒಂದರ ಹತ್ತಿರ ಹೋಗಿ ನೋಡಿ. ಇಳಿಜಾರಿನಲ್ಲಿ ಒಂದೇ ಸಮನೆ ಹರಿದು ಬರುವ ನೀರಿನ ಒತ್ತಡ ಮಣ್ಣಿನ ಕೊಳವೆಯನ್ನು ಒಡೆದುಹಾಕುತ್ತದೆ. ಹಾಗಾಗಿ ನಡುನಡುವೆ ನೀರು ಗಂಜಿನೊಳಗೆ ಮೇಲೇರಿ, ಗಾಳಿಗೆ ತೆರೆದುಕೊಂಡು, ರಭಸ ಕಳೆದುಕೊಂಡು ಮುಂದಿನ ಕೊಳವೆಗೆ ಇಳಿಯಬೇಕು. ಜತೆಗೆ ಬಂದ ಹೂಳು ತಳದಲ್ಲೇ ಉಳಿಯುತ್ತದೆ. ಗೋಳಗುಮ್ಮಟದ ಪಿಸುಮಾತಿನ ಗ್ಯಾಲರಿಯಷ್ಟೇ ಜಾಣತನ ಇದರಲ್ಲೂ ಇದೆ, ಮತ್ತು ಇದು ಜನರ ಗಂಟಲಿಗೆ ತಲುಪಿದ ಜಾಣತನ. ಊರಿಗೆ ನೀರುಣಿಸಿದ ದೊಡ್ಡ ಬಾವಿಗಳೂ ಇವೆ: ಮಕ್ಕಾ ದರವಾಜಿನ ಬಳಿಯ ತಾಜ್ ಬಾವಡಿ 1620ರದು, ಶಹಾಪುರ ದರವಾಜಿನ ಬಳಿಯ ಚಾಂದ್ ಬಾವಡಿ 1579ರದು. ಹೊತ್ತಿದ್ದರೆ ಒಂದನ್ನು ನೋಡಿದರೆ ಸಾಕು. ನನ್ನ ಆಯ್ಕೆ ತಾಜ್ ಬಾವಡಿ, ಅದರ ಕಮಾನಿನ ಎರಡೂ ಬದಿಯ ಎಂಟು ಮೂಲೆಯ ಗೋಪುರಗಳಿಗಾಗಿ.

ನಿಜವಾದ ನಡುಗಡ್ಡೆಯೇ ಬೇಕೆನ್ನುವವರಿಗೆ ಕುಮಟಗಿ ಇದೆ. ನಗರದಿಂದ ಪೂರ್ವಕ್ಕೆ, ಸಿಂದಗಿ ದಾರಿಯಲ್ಲಿ, ಹೊಂಡದ ನಡುವೆ ಎರಡಂತಸ್ತಿನ ಮಂಟಪ. ದಡದಿಂದ ಸಣ್ಣ ಸೇತುವೆ ದಾಟಿ ಒಳಗೆ ಹೋಗಬೇಕು. ಕೆರೆಯ ನೀರನ್ನು ಎತ್ತರಕ್ಕೇರಿಸಿ ಕಾರಂಜಿಗಳಿಗೂ ಚಾವಣಿಯಿಂದ ತುಂತುರು ಸುರಿಯುವ ತೂತುಗಳಿಗೂ ಹಾಯಿಸಿದ್ದರು. ದಡದ ಕಟ್ಟಡದ ಗೋಡೆಗಳ ಮೇಲೆ ಕುಸ್ತಿ ಹಿಡಿದವರು, ಕುದುರೆಯೇರಿ ಚೆಂಡಾಡುವವರು, ಯುರೋಪಿನ ಉಡುಪಿನ ಪರದೇಶಿಗಳು ಮಸುಕಾಗಿ ಇನ್ನೂ ಕಾಣುತ್ತಾರೆ. ಇದು ಇಸೊಲಾ ಬೆಲ್ಲಾದ ಜಾತಿಯದು, ಅರಸರ ವಿಹಾರಕ್ಕೆ ಮೀಸಲು. ಆದ್ದರಿಂದಲೇ ಕುಮಟಗಿಗೆ ಹೋದವರು ಮಮದಾಪುರವನ್ನು ಬಿಡಬಾರದು. ಒಂದು ಪೂರ್ವಕ್ಕೆ, ಇನ್ನೊಂದು ನೈಋತ್ಯಕ್ಕೆ, ಒಂದೇ ದಿನಕ್ಕೆ ಎರಡೂ ಕಷ್ಟ ಎನ್ನುವುದು ಸರಿಯೇ. ಆಗ ಅರಮನೆಯ ಪಾಲಿಗೆ ನಗರದೊಳಗಿನ ಜಲ ಮಂಜಿಲ್ ನೋಡಿ ಮಮದಾಪುರಕ್ಕೆ ಹೊರಡಿ.

ಬೇಸಿಗೆಯಲ್ಲಿ ಅಲ್ಲಿ ನೋಡುವುದೇನು, ಬಿರುಕು ಬಿಟ್ಟ ಎರೆಮಣ್ಣೇ ಎಂದು ಕೇಳುವವರಿದ್ದಾರೆ. ಬಹಳ ಕಾಲ ಈ ಆಕ್ಷೇಪಕ್ಕೆ ಉತ್ತರ ಕೊಡುವುದು ಕಷ್ಟವಿತ್ತು. ಈಗ ಕೃಷ್ಣೆಯ ನೀರು ಏತ ನೀರಾವರಿಯಿಂದ ಮೇಲೇರಿ ಬರುತ್ತಿದೆ. ಮುಳವಾಡ ಯೋಜನೆ, ತುಬಚಿ–ಬಬಲೇಶ್ವರ ಯೋಜನೆಗಳಿಂದ ಬಬಲೇಶ್ವರ, ತಿಕೋಟಾ ಭಾಗದ ಕೆರೆಗಳಿಗೆ ನೀರು ತುಂಬಿಸುತ್ತಾರೆ. ತಿಕೋಟಾದ ದ್ರಾಕ್ಷಿ ತೋಟಗಳ ನಡುವೆ ಹಾದು ಹೋದರೆ ಆ ನೀರು ಏನು ಮಾಡಬಲ್ಲದು ಎಂಬುದು ಕಣ್ಣಿಗೇ ಕಾಣುತ್ತದೆ. ಇನ್ನು ಮಮದಾಪುರದಲ್ಲಿ ಹೋಟೆಲಿಲ್ಲ, ದೋಣಿಯಿಲ್ಲ, ಮಕ್ಕಳಿಗೆ ಬೇಸರ ಎಂಬ ಮಾತು. ಮಕ್ಕಳಿಗೆ ಉದ್ಯಾನ, ಕಾರಂಜಿ ಬೇಕಿದ್ದರೆ ಆಲಮಟ್ಟಿಗೆ ಬೇರೆಯೇ ಒಂದು ದಿನ ಇಡಿ, ಅದಕ್ಕೆ ಅದು ಯೋಗ್ಯ. ಆದರೆ ಸೌಕರ್ಯವಿರುವ ಜಾಗವನ್ನೇ ನೋಡುತ್ತೇವೆಂದು ಹಟ ಹಿಡಿದರೆ ಸೌಕರ್ಯ ಎಂದೂ ಮಮದಾಪುರದ ಕಡೆ ಬರುವುದಿಲ್ಲ. ಜನ ಹೋಗತೊಡಗಿದ ಮೇಲೆಯೇ ಚಹಾದಂಗಡಿ ಹುಟ್ಟುವುದು. ಮಳೆಗಾಲ ಮುಗಿದು ಹಿಂಗಾರಿ ಜೋಳ ಬಿತ್ತುವ ಹೊತ್ತು ಒಳ್ಳೆಯದು. ವಿಜಯಪುರದಲ್ಲೇ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಸಿಕೊಂಡು, ಬಬಲೇಶ್ವರದ ಮೇಲೆ ಹೋಗಿ, ಬರುವಾಗ ತಿಕೋಟಾ ದಾರಿ ಹಿಡಿಯಬಹುದು.