ತಾಂಡೆಗಳೂ ತೊಗರಿಯ ಪೇಟೆಯೂ

2023ನೆಯ ಇಸವಿಯ ಜನವರಿ 19ರಂದು ಮಳಖೇಡದಲ್ಲಿ ಪ್ರಧಾನಮಂತ್ರಿಗಳ ಹಸ್ತದಿಂದ ಹಕ್ಕುಪತ್ರಗಳ ವಿತರಣವಾಯಿತು. ಕಲಬುರಗಿ, ಬೀದರ, ಯಾದಗಿರಿ, ರಾಯಚೂರು, ವಿಜಯಪುರ ಜಿಲ್ಲೆಗಳ ತಾಂಡೆಗಳಲ್ಲಿ ನೆಲೆಸಿದ 50,000ಕ್ಕೂ ಮಿಕ್ಕಿದ ಕುಟುಂಬಗಳಿಗೆ ತಮ್ಮ ಮನೆಯ ಜಾಗವು ತಮ್ಮದೆನ್ನುವ ಅಧಿಕಾರವು ಪ್ರಾಪ್ತವಾಯಿತು. ಸರಕಾರದ ದಫ್ತರದಲ್ಲಿ ಹೆಸರೇ ಇಲ್ಲದ ವಸತಿಗಳು ಕಂದಾಯ ಗ್ರಾಮಗಳೆನಿಸಿದವು. ಇದು ಅಲ್ಪಕಾರ್ಯವಲ್ಲ. ಆದರೆ ಆ ಪತ್ರವು ಮನೆಯದು, ಹೊಲದ್ದಲ್ಲ. ಅದನ್ನು ಹಿಡಿದು ಸಹಕಾರಿ ಸಂಘಕ್ಕೆ ಹೋದವನಿಗೆ ಬೆಳೆಸಾಲ ಹುಟ್ಟದು. ಅಲ್ಲಿ ಕೇಳುವದು ಪಹಣಿಯನ್ನು.

ಒಂದು ಕಾಲಕ್ಕೆ ದಖ್ಖನಿನ ಸೈನ್ಯಗಳಿಗೆ ಎತ್ತುಗಳ ಮೇಲೆ ಧಾನ್ಯ ಹೇರಿ ಮುಟ್ಟಿಸಿದವರು ಈ ಲಂಬಾಣಿಗಳೇ. ರೈಲು, ಸಡಕುಗಳು ಬಂದು ಆ ವ್ಯಾಪಾರವು ಅಳಿಯಿತು. ಧಾನ್ಯದ ವ್ಯಾಪಾರವನ್ನೇ ಬಲ್ಲವರು ಈಗ ಅದೇ ವ್ಯಾಪಾರದ ಕಟ್ಟಕಡೆಯ ಮೆಟ್ಟಿಲಲ್ಲಿ ನಿಂತಿರುವದು ವಿಧಿಯ ವಿನೋದವೆನ್ನಬೇಕೆ?

ಕಲಬುರಗಿಯಿಂದ ಹುಮನಾಬಾದಿನ ದಾರಿಯಲ್ಲಿರುವ ಕಮಲಾಪುರದ ಸುತ್ತಲೂ ತಾಂಡೆಗಳು ಅನೇಕವಿವೆ. ಅಲ್ಲಿಯವರೆಲ್ಲರೂ ಭೂಹೀನರಲ್ಲ, ಆದರೂ ಪರರ ಹೊಲವನ್ನು ಪಾಲಿಗೋ ಗುತ್ತಿಗೆಗೋ ಹಿಡಿದು ತೊಗರಿ ಬಿತ್ತುವವರುಂಟು. 1974ರ ತಿದ್ದುಪಡಿಯ ತರುವಾಯ ನಮ್ಮ ರಾಜ್ಯದಲ್ಲಿ ಭೂಮಿಯನ್ನು ಗೇಣಿಗೆ ಕೊಡುವದು ಕಾಯಿದೆಗೆ ವಿರುದ್ಧ. ಆದುದರಿಂದ ಗೇಣಿಯು ಹೊಲದಲ್ಲಿದೆ, ಕಾಗದದಲ್ಲಿಲ್ಲ. ಬಡ್ಡಿಯಿಲ್ಲದ ಸಾಲದ ಮಿತಿಯನ್ನು ಸರಕಾರವು 2023ರಲ್ಲಿ 5 ಲಕ್ಷಕ್ಕೆ ಏರಿಸಿದರೂ ಗೇಣಿದಾರನಿಗೆ ಅದರಿಂದ ಬಂದ ಭಾಗ್ಯವೇನು? ಬೆಂಬಲ ಬೆಲೆಯ ಖರೀದಿ ಕೇಂದ್ರದಲ್ಲಿಯೂ ಪಹಣಿಯೇ ಪ್ರಮಾಣ. 2025-26ಕ್ಕೆ ಗೊತ್ತುಪಡಿಸಿದ ಕ್ವಿಂಟಲಿನ 8,000 ರೂಪಾಯಿ ಅವನ ಹೆಸರಿಗೆ ಬಾರದು. ಬಿತ್ತನೆಗೆ ಸಾಲ ಕೊಟ್ಟ ಸಾಹುಕಾರನು ರಾಶಿಯ ದಿನವೇ ಕಣಕ್ಕೆ ಬರುವನು.

ಒಂದು ಕ್ವಿಂಟಲ್ ತೊಗರಿಯಿಂದ ಸುಮಾರು 70 ಕಿಲೋ ಬೇಳೆಯಾಗುವದು. ಉಳಿದುದರಲ್ಲಿ ನುಚ್ಚು, ಹೊಟ್ಟುಗಳು ದನಗಳ ಮೇವಿಗೆ ಸಲ್ಲುವವು. ಈ ಲಾಭವೆಲ್ಲ ಕಲಬುರಗಿಯ ಬೇಳೆ ಗಿರಣಿಗಳಲ್ಲಿಯೇ ನಿಲ್ಲುವದು. ಗಿರಣಿಯವರನ್ನು ದೂಷಿಸಿ ಫಲವಿಲ್ಲ. ಅವರಿಲ್ಲದೆ ಪೇಟೆಯೇ ಇಲ್ಲ. ಕಲಬುರಗಿಯ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ದೊರೆತಿದೆ. ಕಮಲಾಪುರದ ಕೆಂಪು ಬಾಳೆಗೂ ಆ ಗೌರವವುಂಟು. ಒಬ್ಬೊಬ್ಬನೇ ನಾಲ್ಕು ಚೀಲ ಹೊತ್ತು ಅಡತಿ ಅಂಗಡಿಗೆ ಹೋಗುವವರೆಗೆ ಆ ಹೆಸರಿನ ಬೆಲೆಯು ಬೆಳೆದವನ ಕೈಗೆ ಹತ್ತದು.

ಭಾರತದ ಪ್ರಥಮ ಕೃಷಿ ಸಹಕಾರಿ ಸಂಘವು 1905ರಲ್ಲಿ ಹುಟ್ಟಿದುದು ಗದಗಿನ ಬಳಿಯ ಕಣಗಿನಹಾಳದಲ್ಲಿ, ಸಿದ್ಧನಗೌಡ ಪಾಟೀಲರ ಮುಂದಾಳುತನದಲ್ಲಿ. ಆ ನಾಡಿನ ಮಕ್ಕಳಾದ ನಾವು ಹೊಸದೊಂದನ್ನು ಕಂಡುಹಿಡಿಯಬೇಕಾಗಿಲ್ಲ. ಹೊಲದ ಕಾಗದವಿಲ್ಲದವರು ಪರಸ್ಪರ ಹೊಣೆಯಾಗಿ ಸಾಲ ಪಡೆಯಲೆಂದೇ ನಬಾರ್ಡಿನ ಜಂಟಿ ಹೊಣೆಗಾರಿಕೆ ಗುಂಪುಗಳ ಯೋಜನೆಯಿದೆ. ತಾಂಡೆಗಳಲ್ಲಿ ಅವನ್ನು ಕಟ್ಟಿಸಬೇಕು. ಹೆಂಗಸರನ್ನು ಸದಸ್ಯರನ್ನಾಗಿ ಮಾಡಿಕೊಳ್ಳುವದು ಇಲ್ಲಿ ಉಪಚಾರದ ಮಾತಲ್ಲ. ಗಂಡಸರು ಮುಂಬಯಿ, ಪುಣೆಗಳಿಗೆ ದುಡಿಯಲು ಹೋದಾಗ ಸಂಘದ ಸಭೆಗೆ ಬರುವವರಾರು? ಇನ್ನು, ಕಮಲಾಪುರದಲ್ಲಿ ತಾಂಡೆಯವರ ಚೀಲಗಳಿಗೆ ಒಂದು ಉಗ್ರಾಣವೂ, ಅಲ್ಲಿಟ್ಟ ಮಾಲಿನ ಮೇಲೆ ಅಡಮಾನ ಸಾಲವೂ ದೊರೆಯಬೇಕು. ಹಕ್ಕುಪತ್ರ ಹಂಚಿದ ಅಧಿಕಾರಿಗಳು ತಾಂಡೆಗಳಿಗೆ ಮತ್ತೊಮ್ಮೆ ಹೋಗಲಿ, ಮುಂದಿನ ತೊಗರಿಯ ರಾಶಿಗೆ ಮೊದಲೇ ಹೋಗಲಿ.