ಭತ್ತ ಯಾಕೆ ಸಾಯಲ್ಲ ಮಿಸ್? – ಅತಿವೃಷ್ಟಿ ಕುರಿತ ಒಂದು ಪಾಠದ ಅನುಭವ

ಮಲೆನಾಡಿನ ಪ್ರೌಢಶಾಲೆಯೊಂದರಲ್ಲಿ ಜುಲೈ ತಿಂಗಳಲ್ಲಿ ನನ್ನ ಅಭ್ಯಾಸ ಬೋಧನೆ ನಡೆಯಿತು. 8ನೇ ತರಗತಿಗೆ ‘ಅತಿವೃಷ್ಟಿ ಮತ್ತು ಬೆಳೆ’ ಎಂಬ ಪಾಠ ಯೋಜಿಸಿದ್ದೆ. ‘ನೀರು ನಿಂತರೆ ಬೇರು ಸಾಯುತ್ತದೆ’ ಎಂದು ಕಪ್ಪುಹಲಗೆಯ ಮೇಲೆ ಬರೆದೆ. ಕೂಡಲೇ ಹಿಂದಿನ ಬೆಂಚಿನ ಹುಡುಗ ಎದ್ದುನಿಂತ: “ಹಾಗಾದ್ರೆ ಭತ್ತ ಯಾಕೆ ಸಾಯಲ್ಲ ಮಿಸ್? ನಮ್ಮ ಗದ್ದೆ ತುಂಬಾ ನೀರೇ ಇದೆ. ಪಕ್ಕದಲ್ಲಿದ್ದ ಶುಂಠಿ ಮಾತ್ರ ಕೊಳೆತುಹೋಯ್ತು.” ನನಗೆ ಉತ್ತರ ತಿಳಿದಿರಲಿಲ್ಲ. “ನಾಳೆ ಹೇಳ್ತೀನಿ” ಎಂದೆ. ಅವನ ಮನೆಯವರು ಆ ಶುಂಠಿಗೆ ಸಾಲ ಮಾಡಿದ್ದರೆಂದು ಆಮೇಲೆ ತಿಳಿಯಿತು.

ವಿಷಯ ವಿವರಣೆ

ಬೇರೂ ಉಸಿರಾಡುತ್ತದೆ. ಮಣ್ಣಿನ ಕಣಗಳ ನಡುವಿನ ಸಂದುಗಳಲ್ಲಿರುವ ಗಾಳಿಯಿಂದ ಅದು ಆಮ್ಲಜನಕ ಪಡೆಯುತ್ತದೆ. ಮಳೆ ಹೆಚ್ಚಾಗಿ ಆ ಸಂದುಗಳಲ್ಲಿ ನೀರು ತುಂಬಿದಾಗ ಗಾಳಿಗೆ ಜಾಗವಿಲ್ಲ. ಆಮ್ಲಜನಕವು ನೀರಿನಲ್ಲಿ ಗಾಳಿಗಿಂತ ಸುಮಾರು 10,000 ಪಟ್ಟು ನಿಧಾನವಾಗಿ ಹರಡುತ್ತದೆ. ಉಸಿರುಗಟ್ಟಿದ ಬೇರು ನೀರನ್ನೂ ಹೀರಲಾರದು. ಆದ್ದರಿಂದಲೇ ನೀರಿನ ನಡುವೆಯೇ ಗಿಡ ಬಾಡುತ್ತದೆ. ದುರ್ಬಲವಾದ ಬೇರು, ಗಡ್ಡೆಗಳಿಗೆ ಕೊಳೆ ರೋಗವೂ ಸುಲಭವಾಗಿ ತಗಲುತ್ತದೆ.

ಭತ್ತದ ಎಲೆ, ಕಾಂಡ, ಬೇರುಗಳಲ್ಲಿ ಗಾಳಿ ಸಾಗುವ ಟೊಳ್ಳು ದಾರಿಗಳಿವೆ. ನೀರಿನ ಮೇಲಿರುವ ಎಲೆಯಿಂದ ಗಾಳಿ ಬೇರಿಗೆ ಇಳಿಯುತ್ತದೆ. ಎಲೆಯ ತುದಿಯೂ ಮುಳುಗಿದರೆ ಭತ್ತಕ್ಕೂ ಕಷ್ಟವೇ. ಹೆಚ್ಚಿನ ತಳಿಗಳು ಒಂದು ವಾರಕ್ಕಿಂತ ಹೆಚ್ಚು ತಾಳವು. ‘ಸ್ವರ್ಣ ಸಬ್-1’ ತಳಿ ಸುಮಾರು ಎರಡು ವಾರ ತಾಳಬಲ್ಲದು.

ಹೊಲದಲ್ಲಿ ಏನು ಮಾಡಬೇಕು?

ಬೆಳೆಗೆ ತಕ್ಕಂತೆ ಉಪಾಯ ಬೇರೆಯಾಗುತ್ತದೆ ಎಂಬುದನ್ನು ಮಕ್ಕಳಿಂದಲೇ ಹೇಳಿಸಬಹುದು.

• ಭತ್ತ: ಬದುವಿನ ಕಂಡಿ ಬಿಡಿಸಿ, ಎಲೆ ಮುಳುಗದಷ್ಟು ನೀರು ಉಳಿಸುವುದು.
• ಶುಂಠಿ: ಏರುಮಡಿ ಮಾಡಿ, ಸುತ್ತ ಕಾಲುವೆ ತೆಗೆಯುವುದು. ಕೊಳೆತ ಗಿಡವನ್ನು ಕಿತ್ತು ದೂರ ಹಾಕುವುದು. ಇಲ್ಲವಾದರೆ ಹರಿಯುವ ನೀರಿನೊಂದಿಗೆ ರೋಗವೂ ಹರಡುತ್ತದೆ.
• ಅಡಿಕೆ: ಮಳೆಗಾಲಕ್ಕೆ ಮೊದಲೇ ಬಸಿಗಾಲುವೆಗಳ ಹೂಳು ತೆಗೆಯುವುದು.
• ಇಳಿಜಾರು: ಇಲ್ಲಿ ಸಮಸ್ಯೆ ಹರಿಯುವ ನೀರಿನದು. ಸೊಪ್ಪು, ದರಗು ಹೊದಿಸಿದರೆ ಮಣ್ಣು ಕೊಚ್ಚಿಹೋಗುವುದು ಕಡಿಮೆ.

ನೀರು ಇಳಿದ ಕೂಡಲೇ ಹಸಿ ಮಣ್ಣನ್ನು ತುಳಿಯಬಾರದು, ಅಗೆಯಬಾರದು. ಮಣ್ಣು ಒತ್ತಿಕೊಂಡರೆ ಉಳಿದ ಸಂದುಗಳೂ ಮುಚ್ಚುತ್ತವೆ.

ಚಟುವಟಿಕೆಗಳು

1. ಒಂದೇ ವಯಸ್ಸಿನ ಎರಡು ಟೊಮೆಟೊ ಸಸಿಗಳನ್ನು ಎರಡು ಕುಂಡಗಳಲ್ಲಿ ಬೆಳೆಸಿ. ಒಂದರ ತಳದ ತೂತು ಮುಚ್ಚಿ, ಮಣ್ಣಿನ ಮೇಲೆ ಸದಾ ನೀರು ನಿಲ್ಲುವಂತೆ ಮಾಡಿ. ಮಕ್ಕಳು ದಿನವೂ ಎಲೆಯ ಬಣ್ಣ, ಬಾಡುವಿಕೆಯನ್ನು ಬರೆದಿಡಲಿ. ಕೊನೆಗೆ ಎರಡೂ ಸಸಿಗಳ ಬೇರು ತೊಳೆದು ಹೋಲಿಸಲಿ.

2. 1 ಚದರ ಮೀಟರ್ ಮೇಲೆ 1 ಮಿ.ಮೀ. ಮಳೆ ಬಿದ್ದರೆ 1 ಲೀಟರ್ ನೀರು. ಒಂದು ಗುಂಟೆ ಎಂದರೆ ಸುಮಾರು 101 ಚದರ ಮೀಟರ್. 100 ಮಿ.ಮೀ. ಮಳೆಯಾದ ದಿನ ಒಂದು ಗುಂಟೆಗೆ ಸುಮಾರು 10,000 ಲೀಟರ್, ಎಕರೆಗೆ 4 ಲಕ್ಷ ಲೀಟರ್ ನೀರು ಬೀಳುತ್ತದೆ. ತಮ್ಮ ಮನೆಯ ಜಮೀನಿಗೆ ಲೆಕ್ಕ ಹಾಕಿದ ಮೇಲೆ “ಇಷ್ಟು ನೀರು ಎಲ್ಲಿಗೆ ಹೋಗಬೇಕು?” ಎಂದು ಕೇಳಿದೆ. “ಕೆಳಗಿನ ಗದ್ದೆಯವರಿಗೆ” ಎಂದಳು ಒಬ್ಬಳು. ಕಾಲುವೆ ಒಬ್ಬರ ಕೆಲಸವಲ್ಲ ಎಂಬ ಚರ್ಚೆ ಅಲ್ಲಿಂದ ತಾನಾಗಿಯೇ ಬೆಳೆಯಿತು.

ಪ್ರಶಿಕ್ಷಣಾರ್ಥಿಗಳಿಗೆ ಒಂದು ಮಾತು

ನನ್ನ ಪಾಠಯೋಜನೆಯಲ್ಲಿ ‘ಪೂರ್ವಜ್ಞಾನ’ದ ಎದುರು ‘ಮಕ್ಕಳಿಗೆ ಮಳೆಯ ಬಗ್ಗೆ ತಿಳಿದಿದೆ’ ಎಂದಷ್ಟೇ ಬರೆದಿದ್ದೆ. ಅವರಿಗೆ ತಿಳಿದಿದ್ದದ್ದು ಅದಕ್ಕಿಂತ ಎಷ್ಟೋ ಹೆಚ್ಚು. ರೈತರ ಮಕ್ಕಳಿರುವ ತರಗತಿಯಲ್ಲಿ “ನಿಮ್ಮ ಮನೆಯಲ್ಲಿ ಈ ಸಲ ಯಾವ ಬೆಳೆ ಹಾಳಾಯಿತು, ಯಾವುದು ಉಳಿಯಿತು?” ಎಂದು ಮೊದಲು ಕೇಳಿ. ನಷ್ಟವಾದ ಮನೆಯ ಮಗುವನ್ನು ಉತ್ತರಕ್ಕೆ ಒತ್ತಾಯಿಸಬೇಡಿ. ಉತ್ತರ ಗೊತ್ತಿಲ್ಲದಿದ್ದರೆ ಒಪ್ಪಿಕೊಂಡು, ಮರುದಿನ ತಪ್ಪದೇ ಹೇಳಿ. ಮರುದಿನ ನಾನು ತರಗತಿಗೆ ಹೋದಾಗ ಆ ಹುಡುಗ ಗದ್ದೆಯಿಂದ ಒಂದು ಭತ್ತದ ಸಸಿಯನ್ನು ಬೇರುಸಹಿತ ಕಿತ್ತು ತಂದಿದ್ದ.