ಮಳೆಯ ಲೆಕ್ಕವೂ ದಿನಾಂಕಗಳ ಸರದಿಯೂ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ — ವಿಜಯನಗರ ಜಿಲ್ಲೆಯ ಈ ಐದು ತಾಲ್ಲೂಕುಗಳಲ್ಲಿ ಮಳೆ ಎಷ್ಟು ಬಿದ್ದಿತೆಂಬುದಕ್ಕಿಂತ ಯಾವಾಗ ಬಿದ್ದಿತೆಂಬುದೇ ರೈತನಿಗೆ ದೊಡ್ಡ ಪ್ರಶ್ನೆ. ಜೂನ್ ತಿಂಗಳಲ್ಲಿ ಹದವಾದ ಮಳೆಯಾಗಿ, ಬಿತ್ತಿದ ಶೇಂಗಾ ಮೊಳೆತ ಮೇಲೆ ಮೋಡಗಳು ಮುಖ ಮರೆಸಿಕೊಂಡರೆ, ಆಗಸ್ಟಿನಲ್ಲಿ ಧಾರಾಕಾರವಾಗಿ ಸುರಿದರೂ ಋತುವಿನ ಮೊತ್ತವು ಸರಿಹೋಗಬಹುದೇ ಹೊರತು ಒಣಗಿಹೋದ ಪೈರು ಮರಳಿ ಬಾರದು. ಆದುದರಿಂದಲೇ ಕೇಂದ್ರ ಸರ್ಕಾರವು 2016ರಲ್ಲಿ ಹೊರತಂದ ಬರ ನಿರ್ವಹಣೆಯ ಕೈಪಿಡಿಯು ಮಳೆಯ ಕೊರತೆಯ ಜೊತೆಗೆ, ಮಳೆಯಿಲ್ಲದೆ ಅಥವಾ ಅತ್ಯಲ್ಪ ಮಳೆಯಲ್ಲಿ ಸತತವಾಗಿ ಕಳೆದ ಅವಧಿಯನ್ನೂ ಗಣನೆಗೆ ತೆಗೆದುಕೊಳ್ಳುತ್ತದೆ: ಸಾಮಾನ್ಯವಾಗಿ ನಾಲ್ಕು ವಾರ, ಹಗುರ ನೆಲಕ್ಕೆ ಮೂರೇ ವಾರ. ಕೂಡ್ಲಿಗಿಯ ಕೆಂಪು ಮಸಾರಿಯನ್ನು ಬಲ್ಲವರಿಗೆ ಈ ಭೇದದ ಕಾರಣವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಸತತವೆನ್ನಬೇಕಾದರೆ ದಿನಗಳು ಸರದಿಯಲ್ಲಿರಬೇಕಷ್ಟೆ. ಕೈಬರಹದ ಮಳೆಪುಸ್ತಕದಲ್ಲಿ ಈ ತೊಡಕಿರಲಿಲ್ಲ. ಬೆಳಗ್ಗೆ 8.30ಕ್ಕೆ ಮಳೆಮಾಪಕವನ್ನು ನೋಡಿ, ಹಿಂದಿನ 24 ಗಂಟೆಗಳ ಮಳೆಯನ್ನು ಅಂದಿನ ದಿನಾಂಕದ ಎದುರು ಬರೆಯುವುದು ನಮ್ಮ ದೇಶದ ಪದ್ಧತಿ. 10ರ ಸಂಜೆಯ ಮಳೆ 11ರ ಲೆಕ್ಕಕ್ಕೆ ಸೇರುತ್ತದೆ. ಒಂದು ದಿನದ ಕೆಳಗೆ ಮರುದಿನ ತಾನಾಗಿಯೇ ಬಂದು ಕುಳಿತುಕೊಳ್ಳುತ್ತಿತ್ತು. ಈಗ ಐದು ಕಡೆಯ ಅಂಕಿಗಳನ್ನು ಒಂದೇ ಎಕ್ಸೆಲ್ ಕೋಷ್ಟಕಕ್ಕೆ ತುಂಬಿ, ‘ಸಾರ್ಟ್’ ಎಂಬ ಆಜ್ಞೆಯಿಂದ ಕ್ರಮಪಡಿಸುತ್ತೇವೆ. ಆ ಆಜ್ಞೆಯನ್ನು ಯಂತ್ರವು ಹೇಗೆ ಅರ್ಥಮಾಡಿಕೊಳ್ಳುತ್ತದೆಂಬುದೇ ನಮ್ಮ ವಿಷಯ.

ಯಂತ್ರಕ್ಕೆ ತಿಂಗಳೂ ತಿಳಿಯದು, ವರ್ಷವೂ ತಿಳಿಯದು. ಅದಕ್ಕೆ ದಿನಾಂಕವೆಂದರೆ ಒಂದು ದಿನಗಣನೆ. 1900ರ ಜನವರಿ 1ನ್ನು ಒಂದೆಂದು ಹಿಡಿದು ಅದು ಎಣಿಸುತ್ತ ಬರುತ್ತದೆ. ಬಳ್ಳಾರಿ ಜಿಲ್ಲೆಯ ಕನ್ನಡ ತಾಲ್ಲೂಕುಗಳು ಮೈಸೂರು ಸಂಸ್ಥಾನಕ್ಕೆ ಸೇರಿದ 1953ರ ಅಕ್ಟೋಬರ್ 1 ಅದರ ಲೆಕ್ಕದಲ್ಲಿ 19633. ಈ ಎಣಿಕೆಯಲ್ಲೊಂದು ವಿನೋದವಿದೆ. ಶತಮಾನದ ವರ್ಷವು 400ರಿಂದ ಭಾಗವಾದರೆ ಮಾತ್ರ ಅಧಿಕವರ್ಷ; 1900 ಹಾಗೆ ಭಾಗವಾಗುವುದಿಲ್ಲ. ಆದರೂ ಲೋಟಸ್ 1-2-3 ಎಂಬ ಹಿಂದಿನ ತಂತ್ರಾಂಶದೊಡನೆ ಹೊಂದಿಕೊಳ್ಳಲೆಂದು, ಎಂದೂ ಹುಟ್ಟದ 1900ರ ಫೆಬ್ರವರಿ 29ಕ್ಕೂ ಎಕ್ಸೆಲ್ 60 ಎಂಬ ಸಂಖ್ಯೆಯನ್ನು ಕೊಟ್ಟಿದೆ! ಹರಪನಹಳ್ಳಿಯ ಸಮೀಪದ ಬಾಗಳಿಯ ಶಾಸನಗಳಿಗಾದರೋ ಈ ಎಣಿಕೆಯಲ್ಲಿ ಸ್ಥಳವೇ ಇಲ್ಲ. 1900ಕ್ಕೆ ಹಿಂದಿನ ದಿನಾಂಕವು ಅದಕ್ಕೆ ಬರಿಯ ಅಕ್ಷರಮಾಲೆ.

ತೊಂದರೆ ಹುಟ್ಟುವುದು ಇಲ್ಲಿಯೇ. ಸಂಖ್ಯೆಯಾಗಬೇಕಾದ ದಿನಾಂಕವು ಅಕ್ಷರವಾಗಿ ಉಳಿದುಬಿಟ್ಟರೆ, ಯಂತ್ರವು ನಿಘಂಟಿನ ಪದಗಳನ್ನು ಜೋಡಿಸುವಂತೆ ಎಡದಿಂದ ಹೋಲಿಸುತ್ತದೆ. 01-06-2024ರ ಕೆಳಗೆ 01-07-2024 ಬಂದು, ಅನಂತರ 02-06-2024 ಬರುತ್ತದೆ. ಜೂನ್, ಜುಲೈಗಳು ಜಡೆಯಂತೆ ಹೆಣೆದುಕೊಳ್ಳುತ್ತವೆ.

ಇದಕ್ಕಿಂತ ಮೋಸದ ಸಂದರ್ಭವೂ ಉಂಟು. ಗಣಕವು ತಿಂಗಳನ್ನು ಮೊದಲು ಬರೆಯುವ ಅಮೆರಿಕದ ಪದ್ಧತಿಗೆ ಹೊಂದಿಸಲ್ಪಟ್ಟಿದೆಯೆನ್ನೋಣ. ಒಂದು ಊರಿನಲ್ಲಿ 11-06-2024ರಂದು ಮಳೆ ಬಂದು, ಮತ್ತೆ 09-07-2024ರಂದೇ ಬಂದಿತೆಂದು ಭಾವಿಸೋಣ. ನಿಜವಾದ ಸಂಖ್ಯೆಗಳು 45454 ಮತ್ತು 45482. ಅಂತರ 28, ನಡುವೆ ಮಳೆಯಿಲ್ಲದ 27 ದಿನಗಳು. ಯಂತ್ರವು ಮೊದಲನೆಯದನ್ನು ನವೆಂಬರ್ 6 ಎಂದೂ ಎರಡನೆಯದನ್ನು ಸೆಪ್ಟೆಂಬರ್ 7 ಎಂದೂ ಓದುತ್ತದೆ. ಸರದಿ ತಲೆಕೆಳಗಾಯಿತು, ಅಂತರ 60 ದಿನಗಳಾಯಿತು. ಇನ್ನು ಜೂನ್ 13ರಿಂದ ಮುಂದಿನವುಗಳ ಗತಿ? ಹದಿಮೂರನೆಯ ತಿಂಗಳಿಲ್ಲವಾದುದರಿಂದ ಅವು ಅಕ್ಷರಗಳಾಗಿಯೇ ಉಳಿದು ಪಟ್ಟಿಯ ಅಡಿಗೆ ಸೇರುತ್ತವೆ. ಹಗುರ ನೆಲದ ಮೂರು ವಾರಗಳ ಗಡುವನ್ನು ಇಂಥ ಪಟ್ಟಿಯಿಂದ ನಿರ್ಣಯಿಸುವುದೆಂತು?

ಗುರುತು ಸುಲಭ. ನಾವು ಬದಲಿಸದಿದ್ದರೆ ಸಂಖ್ಯೆಗಳು ಚೌಕದ ಬಲಕ್ಕೆ, ಅಕ್ಷರಗಳು ಎಡಕ್ಕೆ ನಿಲ್ಲುತ್ತವೆ. ಎಡಕ್ಕೆ ನಿಂತವುಗಳನ್ನು ‘ಟೆಕ್ಸ್ಟ್ ಟು ಕಾಲಮ್ಸ್’ ಎಂಬ ಸೌಕರ್ಯದಲ್ಲಿ ದಿನ-ತಿಂಗಳು-ವರ್ಷದ ಕ್ರಮವನ್ನು ಸೂಚಿಸಿ ಸಂಖ್ಯೆಯಾಗಿಸಬಹುದು. ಆದರೆ ತಪ್ಪಾಗಿ ಓದಿ ಈಗಾಗಲೇ ಸಂಖ್ಯೆಯಾದವುಗಳು ಇದರಿಂದ ತಿದ್ದಿಹೋಗವು. ಮೂಲ ಕಡತದಿಂದಲೇ ಪುನಃ ತರುವುದು ಕ್ಷೇಮ. 1988ರಲ್ಲಿ ಪ್ರಕಟವಾದ ಐಎಸ್‌ಒ 8601 ಎಂಬ ಅಂತರರಾಷ್ಟ್ರೀಯ ಮಾನಕದಂತೆ ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲಿ 2024-06-11 ಎಂದು ಬರೆದಿದ್ದರೆ, ಅಕ್ಷರವಾಗಿ ಉಳಿದರೂ ಸರದಿ ಕೆಡುತ್ತಿರಲಿಲ್ಲ. ದೊಡ್ಡ ಅಳತೆಯನ್ನು ಮೊದಲು ಬರೆಯುವ ಈ ರೂಢಿ ನಮ್ಮ ಕಚೇರಿಗಳಿಗೂ ಬರಬೇಕೆಂಬುದು ನಮ್ಮ ಅಭಿಪ್ರಾಯ.

ಇನ್ನೊಂದು ಎಚ್ಚರಿಕೆ. ದಿನಾಂಕದ ಸಾಲನ್ನಷ್ಟೇ ಆರಿಸಿ ಕ್ರಮಪಡಿಸಹೊರಟರೆ, ಆಯ್ಕೆಯನ್ನು ವಿಸ್ತರಿಸಬೇಕೆ ಎಂದು ಎಕ್ಸೆಲ್ ಕೇಳುತ್ತದೆ. ಅವಸರದಲ್ಲಿ ಬೇಡವೆಂದರೆ ದಿನಾಂಕಗಳು ಮಾತ್ರ ಸ್ಥಳ ಬದಲಿಸಿ, ಮಳೆಯ ಅಂಕಿಗಳು ಇದ್ದಲ್ಲೇ ಉಳಿಯುತ್ತವೆ. ಕೊಟ್ಟೂರಿನ ಒಂದು ದಿನದ ಮಳೆ ಮತ್ತೊಂದು ದಿನದ ಹೆಸರಿಗೆ ಹೋಗುತ್ತದೆ. ಪಟ್ಟಿ ನೋಡಲು ಅಚ್ಚುಕಟ್ಟಾಗಿರುವುದರಿಂದ ಈ ದೋಷವನ್ನು ಆಮೇಲೆ ಪತ್ತೆಹಚ್ಚುವುದು ಬಹಳ ಕಷ್ಟ.

ಕ್ರಮಪಡಿಸಿದ ಮೇಲೆ ಒಂದು ಸಣ್ಣ ಪರೀಕ್ಷೆಯನ್ನು ಮಾಡಬಹುದು. ಜೂನ್ 1ರಿಂದ ಸೆಪ್ಟೆಂಬರ್ 30ರವರೆಗೆ 122 ದಿನಗಳು. ಐದು ಊರುಗಳಿಗೆ ದಿನಕ್ಕೊಂದು ಸಾಲಿನಂತೆ 610 ಸಾಲುಗಳಿರಬೇಕು. ಕೊನೆಯ ದಿನಾಂಕದಿಂದ ಮೊದಲನೆಯದನ್ನು ಕಳೆದರೆ 121 ಬರಬೇಕು, ಪ್ರತಿಯೊಂದು ದಿನಾಂಕವೂ ಐದೇ ಸಲ ಕಾಣಿಸಬೇಕು.